ಅಕ್ಕ ತಂದ ಸೀತಾಳೆ ದಂಡೆ

ಮೊನ್ನೆ ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿರುವ ಮೊಮ್ಮಗಳ ಮನೆಗೆ ಹೋಗಿದ್ದೆ. ಹತ್ತಿ ಸೀರೆಗಳಿಗೆ ಹಾಕಲೆಂದು ಅವಳು ಹಿಂದಿನ ದಿನವೇ ಗಂಜಿ ತೆಗೆದಿಟ್ಟು, ಮರೆತು, ಮಾರನೆಯ ಮಧ್ಯಾಹ್ನ ಮುಚ್ಚಳ ತೆರೆದಳು. ಹುಳಿತ ಗಂಜಿಯ ವಾಸನೆ ಮನೆಯೆಲ್ಲ ಹಬ್ಬಿತು. "ಥೂ, ಚೆಲ್ಲಿಬಿಡ್ತೀನಿ ಅಜ್ಜಿ" ಎಂದು ಅವಳು ಮೂಗು ಮುಚ್ಚಿಕೊಂಡಳು. ನಾನು ಗೋಡೆ ಹಿಡಿದುಕೊಂಡು ನಿಂತೆ. ನನಗೆ ಬಿಪಿ ಏರಿತೆಂದು ಗಾಬರಿಯಾಗಿ ಅವಳು ಡಾಕ್ಟರಿಗೆ ಫೋನು ಮಾಡಲು ಹೊರಟಳು. ಬಿಪಿಯೂ ಅಲ್ಲ, ಮಣ್ಣೂ ಅಲ್ಲ. ಆ ವಾಸನೆಯ ಜೊತೆಗೆ ಯಾವಾಗಲೂ ಒಬ್ಬಳು ಬರುತ್ತಾಳೆ. ಅವಳು ಸತ್ತು ಅರವತ್ತು ವರ್ಷದ ಮೇಲಾಯಿತು, ಬರುವುದನ್ನು ಮಾತ್ರ ಇನ್ನೂ ಬಿಟ್ಟಿಲ್ಲ.

ಅವಳು ನನ್ನ ಅಕ್ಕ ಚೌಡಮ್ಮ. ನನ್ನ ಸವತಿಯೂ ಅವಳೇ. ಅವಳು ಸತ್ತ ಮನೆಗೆ ನಾನು ಎರಡನೆಯ ಹೆಂಡತಿಯಾಗಿ ಹೋದ ಮೊದಲ ವರ್ಷದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ನೀಲಗಿರಿಯ ಪೈಕಾರದಿಂದ ಕರೆಂಟು ಬಂದು ಕೊಯಮತ್ತೂರಿನ ಪಕ್ಕದ ಸಿಂಗಾನಲ್ಲೂರಿನ ಸುತ್ತ ಒಂದರ ಹಿಂದೊಂದು ಮಿಲ್ಲು ಏಳುತ್ತಿದ್ದ ಕಾಲ. ಊರಿನ ಗಡಿಯಾರವೆಂದರೆ ಮಿಲ್ಲಿನ ಸಂಗು, ಅದರ ಸೈರನ್ನು. ಅದು ಕೂಗಿದರೆ ಏಳಬೇಕು, ಕೂಗಿದರೆ ಉಣ್ಣಬೇಕು. ನಮ್ಮ ಬೀದಿಯ ಕೈಮಗ್ಗದವರು ಅದನ್ನು ಬೈಯುತ್ತಲೇ ಅದರ ಪ್ರಕಾರ ನಡೆಯುತ್ತಿದ್ದರು.

ನಮ್ಮ ತವರು ಕೊಳ್ಳೇಗಾಲ. ಆಗ ಅದೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಹಾಗೆಂದು ಹತ್ತಿರವೇನಲ್ಲ. ದಿಂಬಂ ಘಾಟಿ ಇಳಿದು, ಸತ್ಯಮಂಗಲ ದಾಟಿ, ಬಸ್ಸು ಗಾಡಿ ಬದಲಿಸಿಕೊಂಡು ಬರುವಷ್ಟರಲ್ಲಿ ಮೈ ಹಣ್ಣಾಗುತ್ತಿತ್ತು. ನಾನು ತೊಟ್ಟಿಲಲ್ಲಿದ್ದಾಗಲೇ ಅವ್ವ ತೀರಿಕೊಂಡಳು. ಅಪ್ಪ ರೇಷ್ಮೆ ಮಗ್ಗದ ಮುಂದೆ ಕೂತರೆ ಲೋಕವಿಲ್ಲ. ನನಗೆ ತಲೆ ಬಾಚಿದ್ದು, ಅನ್ನ ತಿನ್ನಿಸಿದ್ದು, ಮೈನೆರೆದಾಗ ಹೆದರಬೇಡ ಎಂದದ್ದು ಎಲ್ಲ ಅಕ್ಕನೇ. ನನಗಿಂತ ಆರೇಳು ವರ್ಷ ದೊಡ್ಡವಳು ಅಷ್ಟೆ, ಆದರೆ ತಾಯಿಯ ಕೆಲಸ ತಲೆಗೆ ಬಿದ್ದವರಿಗೆ ವಯಸ್ಸು ಬೇರೆಯೇ ಲೆಕ್ಕ.

ಬಿಳಿಗಿರಿ ಬೆಟ್ಟದಿಂದ ಜೇನು ಮಾರಲು ಬರುತ್ತಿದ್ದ ಸೋಲಿಗರ ಹೆಂಗಸೊಬ್ಬಳು ಅಕ್ಕನಿಗೆ ಒಂದು ಸೀತಾಳೆ ದಂಡೆಯ ಗಿಡ ಕೊಟ್ಟಿದ್ದಳು. ಮಣ್ಣು ಬೇಡದ ಗಿಡ. ಮರದ ತುಂಡೊಂದನ್ನು ಅಪ್ಪಿಕೊಂಡು ಬೇರುಗಳನ್ನು ಗಾಳಿಗೆ ಇಳಿಬಿಟ್ಟುಕೊಂಡು ಬದುಕುತ್ತದೆ. ಆ ಬೇರುಗಳು ದಪ್ಪ ನೂಲಿನ ಹಾಗೆ ಬೆಳ್ಳಗಿರುತ್ತವೆ, ನೀರು ಬಿದ್ದರೆ ಹಸಿರಾಗುತ್ತವೆ. ಮುಂಗಾರಿನ ಹೊತ್ತಿಗೆ ಮೊಳದುದ್ದದ ಹೂಗೊನೆ ಜೋತುಬಿದ್ದು, ಬಿಳಿಗೆ ನೇರಳೆ ಚುಕ್ಕಿ ಇಟ್ಟ ಹೂಗಳಿಂದ ತುಂಬಿಹೋಗುತ್ತಿತ್ತು. ಅಕ್ಕ ಆ ಇಡೀ ಗೊನೆಯನ್ನೇ ನನ್ನ ಜಡೆಗೆ ಸುತ್ತುತ್ತಿದ್ದಳು. "ಬೆಳಿಗ್ಗೆ ನೀರು ಹಾಕು, ಸಂಜೆಯೊಳಗೆ ಬೇರು ಒಣಗ್ಬೇಕು ಕಣವ್ವ. ಬೇರೇನೂ ಕೇಳದು ಇದು" ಎಂದು ನನಗೆ ಹೇಳಿಕೊಟ್ಟಿದ್ದಳು. ಮದುವೆಯಾಗಿ ಸಿಂಗಾನಲ್ಲೂರಿಗೆ ಹೊರಟಾಗ ಸೀರೆಯ ಗಂಟನ್ನು ಗಾಡಿಗೆ ಹಾಕಿ, ಗಿಡವನ್ನು ಮಾತ್ರ ಮಡಿಲಲ್ಲಿಟ್ಟುಕೊಂಡಿದ್ದಳು.

ಅವಳು ಹೋದ ಎರಡನೆಯ ವರ್ಷ ಸುದ್ದಿ ಬಂತು. ಹೆರಿಗೆಯಾಯಿತು, ಗಂಡುಮಗು ಅಂದೇ ಹೋಯಿತು, ನಾಲ್ಕು ದಿನಕ್ಕೆ ತಾಯಿಯೂ ಹೋದಳು. ತವರಿನಲ್ಲಿ ಬಾಣಂತನ ಮಾಡುವ ಹೆಂಗಸರಿಲ್ಲ ಎಂದು ಅವಳು ಗಂಡನ ಮನೆಯಲ್ಲೇ ಉಳಿದಿದ್ದಳು. ವರ್ಷ ತುಂಬುವ ಮೊದಲೇ ಹಿರಿಯರು ಕೂತು ನನ್ನನ್ನು ಅದೇ ಮನೆಗೆ ಕೊಡುವುದೆಂದು ತೀರ್ಮಾನಿಸಿದರು. ನೇಕಾರರಿಗೆ ಹರಿದ ಎಳೆಗೆ ಇನ್ನೊಂದು ಎಳೆ ಗಂಟು ಹಾಕುವುದು ಹೊಸದೇ? ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಒಪ್ಪುತ್ತಿದ್ದೆ ಎಂದು ಕಾಣುತ್ತದೆ. ಅವಳು ಕೊನೆಯ ಉಸಿರು ಬಿಟ್ಟ ಜಾಗವನ್ನು ಒಮ್ಮೆ ನೋಡಬೇಕಿತ್ತು ನನಗೆ.

ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಮದುವೆಯಾಯಿತು. ತಾಳಿಯ ಜೊತೆಗೆ ನನ್ನ ಕೊರಳಿಗೆ ಇನ್ನೊಂದು ಬೊಟ್ಟು ಬಿತ್ತು. ಬೆಳ್ಳಿಯ ಸಣ್ಣ ಬಿಲ್ಲೆ, ಅದರ ಮೇಲೆ ಹೆಣ್ಣಿನ ಎರಡು ಪಾದ. ಸವತಿ ಬೊಟ್ಟು ಎನ್ನುತ್ತಿದ್ದರು. ಎರಡನೆಯವಳಾಗಿ ಬಂದವಳು ಮೊದಲನೆಯವಳನ್ನು ಎದೆಯ ಮೇಲೆ ಹೊತ್ತುಕೊಂಡಿರಬೇಕು. ಊಟದ ಮೊದಲ ತುತ್ತನ್ನು ಆ ಬಿಲ್ಲೆಗೆ ಮುಟ್ಟಿಸಬೇಕು, ಹೊಸ ಸೀರೆಯನ್ನು ಮೊದಲು ಅವಳ ಹೆಸರಲ್ಲಿ ನೆಲಕ್ಕೆ ಹಾಸಿ ಆಮೇಲೆ ಉಡಬೇಕು. ಇಲ್ಲದಿದ್ದರೆ ಸತ್ತವಳು ಸುಮ್ಮನಿರುವುದಿಲ್ಲ. ಇದನ್ನೆಲ್ಲ ನನಗೆ ಹೇಳಿಕೊಟ್ಟವರು ಅತ್ತೆ. ಬದುಕಿದ್ದಾಗ ಯಾವಾಗಲೂ ತನ್ನ ತುತ್ತನ್ನು ಮೊದಲು ನನ್ನ ಬಾಯಿಗೆ ಇಡುತ್ತಿದ್ದವಳು ಈಗ ತುತ್ತಿಗಾಗಿ ನನ್ನ ಮೇಲೆ ಹಗೆ ಸಾಧಿಸುತ್ತಾಳೆಯೇ ಎಂದು ನನಗೆ ನಗು ಬಂತು. ಅತ್ತೆ ನಗಲಿಲ್ಲ. "ಸತ್ತ ಮೇಲೆ ಯಾರೂ ಅಕ್ಕ ಅಲ್ಲ, ತಂಗಿ ಅಲ್ಲ ಕಣ್ಣು" ಎಂದರು. ಅಲ್ಲಿಯವರ ಕನ್ನಡದಲ್ಲಿ ಅರ್ಧ ತಮಿಳು, ರಾಗ ಪೂರ್ತಿ ತಮಿಳು. ಮುದ್ದಿಗೆ 'ಕಣ್ಣು' ಎನ್ನುತ್ತಿದ್ದರು, ಬೈಯುವಾಗಲೂ ಅದೇ 'ಕಣ್ಣು'.

ಅತ್ತೆ ಕಟ್ಟುಮಸ್ತಾದ ಹೆಂಗಸು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಒಬ್ಬನೇ ಮಗನನ್ನು ಮಗ್ಗದ ಗುಂಡಿಯಲ್ಲಿ ಕೂರಿಸಿ ನೇಕಾರನನ್ನಾಗಿ ಮಾಡಿದವರು. ನನ್ನ ಗಂಡ ಮೆತ್ತಗಿನ ಮನುಷ್ಯ. ಮಾತು ಕಡಿಮೆ. ಆದರೆ ಮಗ್ಗ ನಿಂತರೆ ಮಾತ್ರ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ನೂಲು ಮುಗಿದ ದಿನ ಮನೆಯ ಮೌನ ಕೇಳಲಾರದೆ ಎದ್ದು ಕೆರೆಯ ಕಡೆ ಹೋಗಿಬಿಡುತ್ತಿದ್ದರು. ಅದೇಕೆಂದು ನನಗೆ ಆಗ ತಿಳಿದಿರಲಿಲ್ಲ.

ಅಕ್ಕನ ಗಿಡ ಎಲ್ಲಿ ಎಂದು ಕೇಳಿದೆ. ಕೊನೆಗೆ ನಾನೇ ಹುಡುಕಿದೆ. ಹಿತ್ತಲ ಗೋಡೆಯ ಪಕ್ಕ, ಮುರಿದ ರಾಟೆ, ಹಳೆಯ ಬುಟ್ಟಿ ಎಲ್ಲ ಗುಡ್ಡೆ ಹಾಕಿದ್ದ ಕಡೆ ಮೊಳೆಯೊಂದಕ್ಕೆ ನೇತುಹಾಕಿದ್ದರು. ಎಲೆಗಳು ಸುಕ್ಕಾಗಿ ಮಡಚಿಕೊಂಡಿದ್ದವು. ಬೇರುಗಳು ಮುಟ್ಟಿದರೆ ಪುಡಿಯಾಗುವಷ್ಟು ಒಣಗಿದ್ದವು. ಎಸೆಯುವ ಧೈರ್ಯ ಅವರಿಗಿಲ್ಲ, ಸಾಕುವ ಮನಸ್ಸೂ ಇಲ್ಲ, ತಾನಾಗಿ ಸಾಯಲಿ ಎಂದು ಬಿಟ್ಟಿದ್ದರು. ಅದು ಸತ್ತಿರಲಿಲ್ಲ. ನಡು ಸುಳಿಯಲ್ಲಿ ಬೆರಳಿನ ಉಗುರಿನಷ್ಟು ಹಸಿರು ಉಳಿದಿತ್ತು.

ನಾನು ಅದನ್ನು ಇಳಿಸಿಕೊಳ್ಳುವುದನ್ನು ಕಂಡು ಅತ್ತೆ ಓಡಿ ಬಂದರು.

"ಅದನ್ನ ಮುಟ್ಟಬೇಡಮ್ಮಾ. ಮಣ್ಣಿಲ್ಲ, ಅನ್ನ ಇಲ್ಲ, ಬರೀ ಗಾಳಿ ಕುಡಿದು ಇಷ್ಟು ದಿನ ಜೀವ ಇಟ್ಕೊಂಡದೆ. ಗಾಳಿ ಕುಡಿದು ಇರೋದು ಯಾವುದು, ನೀನೇ ಹೇಳು."

"ನಮ್ಮ ಅಕ್ಕ ಸಾಕಿದ ಗಿಡ ಇದು ಅತ್ತೆ."

"ಆಮಾ, ಹೌದು, ಅದಕ್ಕೇ ಹೇಳ್ತಿರೋದು."

ನಾನು ಬಿಡಲಿಲ್ಲ. ನನ್ನದು ಹುಟ್ಟಿನಿಂದ ಮೊಂಡು ಬುದ್ಧಿ. ಒಣಗಿದ ಬೇರು ಕತ್ತರಿಸಿ, ಗಿಡವನ್ನು ಒಂದು ಹೊತ್ತು ನೀರಲ್ಲಿ ನೆನೆಸಿ, ತೆಂಗಿನ ಸಿಪ್ಪೆ ಸುತ್ತಿದ ಹೊಸ ಮರದ ತುಂಡಿಗೆ ಕೈಗೆ ಸಿಕ್ಕ ಚೂರು ನೂಲಿನಿಂದ ಕಟ್ಟಿದೆ. ಎಲ್ಲಿ ತೂಗುಹಾಕಲಿ ಎಂದು ನಿಂತಿದ್ದಾಗ ನನ್ನ ಗಂಡ ಮಗ್ಗದ ಗುಂಡಿಯಿಂದಲೇ ತಲೆಯೆತ್ತಿ, "ಇಲ್ಲಿ, ಕಿಟಕೀಲಿ ಹಾಕು. ನೂಲಿಗೆ ಹಿತವಾದ ಜಾಗ ಅದಕ್ಕೂ ಹಿತ ಆದೀತು" ಎಂದರು. ಒಣ ಹವೆಗೆ ಎಳೆ ತುಂಡಾಗದಿರಲೆಂದು ಮಗ್ಗದ ಗುಂಡಿಯ ಸುತ್ತ ನೆಲಕ್ಕೆ ದಿನಾ ನೀರು ಚಿಮುಕಿಸುತ್ತಿದ್ದರು. ಆ ಮೂಲೆಯಲ್ಲಿ ಯಾವಾಗಲೂ ತಂಪು. ಮದುವೆಯಾದ ಮೇಲೆ ಅವರು ತಾವಾಗಿ ನನ್ನೊಡನೆ ಆಡಿದ ಮೊದಲ ಮಾತು ಅದೇ ಎಂದು ನೆನಪು.

ಪಂಗುನಿ ಕಳೆದು ಬೇಸಿಗೆಯ ಚಿತ್ತಿರೈ ತಿಂಗಳು ಬರುವಷ್ಟರಲ್ಲಿ ಎರಡು ಹೊಸ ಬೇರು ಇಳಿದವು. ತುದಿ ಹಸಿರು, ಮೇಲೆಲ್ಲ ಬೆಳ್ಳಿ. ಅದೇ ಹೊತ್ತಿಗೆ ನನಗೂ ತಿಂಗಳು ನಿಂತಿತ್ತು. ಅತ್ತೆಗೆ ಸಂತೋಷವಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. "ಗಿಡವನ್ನ ಕೆರೆಗೆ ಬಿಟ್ಟು ಬಾ. ತನ್ನ ಮಗು ಉಳಿಯದವಳು ಇನ್ನೊಬ್ಬಳ ಬಸುರನ್ನ ನೋಡಿಕೊಂಡು ಸುಮ್ಮನಿರ್ತಾಳಾ?" ಎಂದು ದಿನಕ್ಕೊಮ್ಮೆ ಹೇಳುತ್ತಿದ್ದರು. ಬೀದಿಯ ಹೆಂಗಸರೂ ನೀರಿಗೆ ಹೋದಾಗ ನನ್ನ ಹೊಟ್ಟೆ ನೋಡಿ, ಕೊರಳಿನ ಬಿಲ್ಲೆ ನೋಡಿ, ಮುಖ ಬೇರೆ ಕಡೆ ತಿರುಗಿಸುತ್ತಿದ್ದರು.

ನಾನು ಗಟ್ಟಿಗಿತ್ತಿ ಎಂದುಕೊಂಡಿದ್ದೆ. ಆಡಿ ತಿಂಗಳ, ಅಂದರೆ ನಮ್ಮ ಆಷಾಢದ, ಗಾಳಿ ಅದನ್ನೂ ಅಲ್ಲಾಡಿಸಿತು. ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಆ ಗಾಳಿಯನ್ನು ಕಂಡವರೇ ಬಲ್ಲರು. ಹಗಲೂ ರಾತ್ರಿ ಹೆಂಚು ಕುಟ್ಟುತ್ತದೆ, ಬೀದಿಯಲ್ಲಿ ನೇಯ್ಗೆಯ ಹಾಸುನೂಲು ಬಿಗಿಯಲು ಬಿಡುವುದಿಲ್ಲ, ಬಾಗಿಲನ್ನು ಯಾರೋ ತಳ್ಳಿದ ಹಾಗೆ ತೆರೆಯುತ್ತದೆ. ಆ ದಿನಗಳಲ್ಲೇ ಗಿಡ ಮತ್ತೆ ಕೆಡತೊಡಗಿತು. ನಾನು ನೀರು ಹಾಕುವ ಮೊದಲೇ ಬೆಳಿಗ್ಗೆ ಬೇರುಗಳು ಒದ್ದೆಯಾಗಿರುತ್ತಿದ್ದವು. ಎಲೆಗಳ ಮೇಲೆ ಬೆಳ್ಳಗೆ ತೆಳುವಾದ ಪೊರೆ. ಬಟ್ಟೆಯಿಂದ ಒರೆಸಿದರೆ ಮಾರನೆಯ ದಿನ ಮತ್ತೆ ಅದೇ. ಬೇರುಗಳು ಕಪ್ಪಾಗಿ ಲೋಳೆಯಾದವು, ಇರುವೆ ಸಾಲುಗಟ್ಟಿದವು. ಹತ್ತಿರ ಹೋದರೆ ಹುಳಿ ವಾಸನೆ, ಹಾಲು ಕಕ್ಕಿದ ಮಗುವಿನ ಬಾಯಿಯ ವಾಸನೆಯಂಥದು.

ಆಗ ನನಗೆ ಹೆದರಿಕೆ ಹುಟ್ಟಿತು. ಅಕ್ಕನ ಎದೆಹಾಲು ಕುಡಿಯುವವರಿಲ್ಲದೆ ಹೋಗಿತ್ತು ಎಂಬುದು ನೆನಪಾಯಿತು. ನೇಕಾರರ ಮನೆಯಲ್ಲಿ ಎಲ್ಲೆಲ್ಲೂ ಗಂಜಿಯ ವಾಸನೆಯೇ, ಆದ್ದರಿಂದ ಅದು ಗಂಜಿ ಇರಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಗಿಡಕ್ಕೆ ಯಾರಾದರೂ ಗಂಜಿ ಹಾಕುತ್ತಾರೆಯೇ? ಅವಳ ಮಡಿಲಲ್ಲಿ ಬೆಳೆದ ನಾನು ಅವಳ ಹೆಸರು ಹೇಳಿಕೊಂಡು ನಡುಗಿದೆ. ಬೆಳಿಗ್ಗೆ ಎದ್ದರೆ ಮೊದಲು ಹೊಟ್ಟೆ ಮುಟ್ಟಿಕೊಳ್ಳುತ್ತಿದ್ದೆ, ಆಮೇಲೆ ಬಿಲ್ಲೆಯನ್ನು ಕಣ್ಣಿಗೊತ್ತಿಕೊಂಡು, "ಅಕ್ಕಾ, ನನ್ನ ಮೇಲೆ ಸಿಟ್ಟಾ?" ಎನ್ನುತ್ತಿದ್ದೆ. ಅವಳನ್ನು ಹಾಗೆ ಕೇಳಬೇಕಾಗಿ ಬಂತಲ್ಲ ಎಂಬ ಸಂಕಟ ಹೆದರಿಕೆಗಿಂತ ದೊಡ್ಡದಾಗಿತ್ತು.

ಗಾಳಿ ಸ್ವಲ್ಪ ತಗ್ಗಿದ ಒಂದು ಬೆಳಗಿನ ಜಾವ. ಅಂದು ನಮ್ಮ ಮನೆಯ ಹಾಸುನೂಲಿಗೆ ಗಂಜಿ ಹಚ್ಚುವ ದಿನ. ಬಿಸಿಲೇರುವ ಮೊದಲು ಬೀದಿಯುದ್ದಕ್ಕೂ ನೂಲು ಬಿಗಿದು, ಕುಂಚದಿಂದ ಗಂಜಿ ಹಚ್ಚಿ ಒಣಗಿಸಬೇಕು. ಗಂಜಿ ಕುಡಿದ ಎಳೆ ಗಟ್ಟಿಯಾಗುತ್ತದೆ, ಮಗ್ಗದಲ್ಲಿ ಎಷ್ಟು ಏಟು ಬಿದ್ದರೂ ಹರಿಯುವುದಿಲ್ಲ. ಒಲೆ ಹಚ್ಚಲು ಎದ್ದವಳು ಮಗ್ಗದ ಕೋಣೆಯಲ್ಲಿ ಪಿಸುಮಾತು ಕೇಳಿ ಬಾಗಿಲ ಮರೆಯಲ್ಲಿ ನಿಂತೆ. ಅತ್ತೆ ಕಿಟಕಿಯ ಹತ್ತಿರ ನಿಂತಿದ್ದರು. ಕೈಯಲ್ಲಿ ತೆಂಗಿನ ಚಿಪ್ಪು. ಅದರಿಂದ ಗಂಜಿಯನ್ನು ಸ್ವಲ್ಪ ಸ್ವಲ್ಪವಾಗಿ ಗಿಡದ ಸುಳಿಗೆ ಬಿಡುತ್ತಿದ್ದರು. ಬೆರಳಿನಿಂದ ಬೇರಿಗೆ ಸವರುತ್ತಿದ್ದರು, ಒಣಗಿದ ಎಳೆಗೆ ಸವರುವ ಹಾಗೆಯೇ.

"ತಗೊ ಚೌಡಿ, ತಗೊ ಕಣ್ಣು. ಆರಿಸಿ ತಂದಿದೀನಿ, ಬಿಸಿ ಇಲ್ಲ."

ನನ್ನ ಕಾಲು ಸಪ್ಪಳ ಮಾಡಿತೋ ಏನೋ, ತಿರುಗಿ ನೋಡಿದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಮುಖವಲ್ಲ ಅದು. ಬಹಳ ದಿನದಿಂದ ದಣಿದವರ ಮುಖ. ಅಲ್ಲೇ ಮಗ್ಗದ ಗುಂಡಿಯ ಅಂಚಿಗೆ ಕುಸಿದು ಕೂತರು. ನಾನು ಏನೂ ಕೇಳದೆಯೇ ಹೇಳಿದರು.

"ಹೆತ್ತ ಮೇಲೆ ಜ್ವರ ಬಂತು ಅವಳಿಗೆ. ತಣ್ಣೀರು ಕೇಳಿದ್ಲು. ಬಾಣಂತಿಗೆ ನೀರು ಕೊಟ್ಟರೆ ಸನ್ನಿ ಹಿಡಿಯುತ್ತೆ ಅಂತ ಕೊಡಲಿಲ್ಲ. ನಮ್ಮಲ್ಲಿ ಕೊಡೋದಿಲ್ಲಮ್ಮಾ, ಅದು ಪತ್ಯ. ನನಗೂ ನಮ್ಮತ್ತೆ ಕೊಡಲಿಲ್ಲ. ಅವತ್ತೂ ಹಾಸುನೂಲಿಗೆ ಗಂಜಿ ಹಚ್ಚೋ ದಿನ. ಈ ಪಕ್ಕದ ಕೋಣೇಲಿ ಮಲಗಿದ್ಲು. ಹೊರಗೆ ಗಂಜಿ ಕುದಿಯೋ ವಾಸನೆ ಬಂದು, 'ನೂಲಿಗೆ ಅಷ್ಟೊಂದು ಕೊಡ್ತೀರ, ನನಗೆ ಒಂದು ಬಾಯಿ ಕೊಡಲ್ವಾ ಅತ್ತೆ' ಅಂದ್ಲು. ಪಾವಂ, ಪಾಪದ ಹೆಣ್ಣು, ಅಷ್ಟೇ ಕೇಳಿದ್ದು. ದಿನವೆಲ್ಲ ಕೇಳಿದ್ಲು. ನನ್ನ ಮಗ ಅದನ್ನ ಕೇಳಲಾರದೆ ಮಗ್ಗ ನಿಲ್ಲಿಸಲೇ ಇಲ್ಲ. ಸಂಜೆ ಅವನು ಲಾಳಿ ಕೆಳಗಿಟ್ಟಾಗ ಒಳಗೆ ಸದ್ದಿರಲಿಲ್ಲ."

ನನಗೆ ಸಿಟ್ಟು ಎಲ್ಲಿಂದ ಬಂತೋ. "ಈಗ ಕೊಡ್ತಿದೀರಾ? ಈಗ?" ಎಂದು ಕೂಗಿದೆ.

"ಈಗ ಕೊಡಬಹುದಲ್ಲಾ" ಎಂದರು ಅತ್ತೆ. "ಸತ್ತವರಿಗೆ ಏನು ಪತ್ಯ?"

ನಾನು ಬಂದ ಮೇಲೆ ಗಿಡ ಚಿಗುರಿದ್ದನ್ನು ಕಂಡು, ಅವಳು ಬಾಯಿ ತೆರೆದಿದ್ದಾಳೆ ಎಂದು ಅವರಿಗೆ ಅನ್ನಿಸಿತಂತೆ. ಹಾಸುನೂಲಿಗೆ ಗಂಜಿ ಕುದಿಸದ ದಿನವೂ ಅವಳಿಗೆಂದು ಒಂದು ಚಿಪ್ಪು ತೆಗೆದಿಡುತ್ತಿದ್ದರಂತೆ. ಮೇಲೆ ನೋಡಿದರೆ ಗಿಡವನ್ನು ಕೆರೆಗೆ ಬಿಡು ಎಂದು ನನಗೆ ಬೈಗುಳ, ಒಳಗೆ ಈ ಆರೈಕೆ. ಅವಳು ಮನೆ ಬಿಟ್ಟು ಹೋಗಲಿ ಎಂದೂ ಬೇಡುತ್ತಿದ್ದರು, ಹೊಟ್ಟೆ ತುಂಬಿ ಹೋಗಲಿ ಎಂದೂ ಬೇಡುತ್ತಿದ್ದರು.

ಆ ವಾರದಲ್ಲೇ ಗಿಡದ ಸುಳಿ ಕೊಳೆತು ಕೈಗೆ ಬಂತು. ಹಿಡಿದೆಳೆದರೆ ನಡುವಿನ ಎಲೆಗಳೆಲ್ಲ ಒಟ್ಟಿಗೆ ಕಿತ್ತುಬಂದವು. ಅತ್ತೆ ಅದನ್ನು ನೋಡಿ ಎದೆ ಬಡಿದುಕೊಂಡರು. "ನಾನು ಕೊಟ್ಟದ್ದನ್ನ ಅವಳು ತಗೊಳ್ಳಲಿಲ್ಲ. ಬೇಡ ಅಂತ ಕೊಳೆಸಿಬಿಟ್ಲು. ಇನ್ನು ನಮ್ಮನ್ನ ಬಿಡೋದಿಲ್ಲ." ಎರಡು ದಿನ ಊಟ ಬಿಟ್ಟು ಮಲಗಿದರು. ಮೊದಲ ದಿನ ನನಗೆ ಅವರ ಮೇಲೆ ಕನಿಕರ ಹುಟ್ಟಲಿಲ್ಲ. ನನ್ನ ಅಕ್ಕನನ್ನು ಎರಡು ಸಲ ಕೊಂದರು ಎಂದುಕೊಂಡು ಹಲ್ಲು ಕಚ್ಚಿಕೊಂಡು ಅಡಿಗೆ ಮಾಡಿದೆ.

ಎಸೆಯಲೆಂದೇ ಗಿಡ ಇಳಿಸಿದೆ. ಕೊಳೆತದ್ದನ್ನೆಲ್ಲ ತೆಗೆದಾಗ ಉಳಿದದ್ದು ಹೆಬ್ಬೆರಳಷ್ಟು ಬೋಳು ಕಾಂಡ ಮತ್ತು ಎರಡೇ ಎರಡು ಗಟ್ಟಿ ಬೇರು. ಕಾಂಡದ ಬುಡದಲ್ಲಿ, ಒಣಗಿದ ಎಲೆಯ ಸಂದಿನಲ್ಲಿ, ಹಸಿರು ಅಕ್ಕಿಕಾಳಿನಂಥವು ಎರಡು ಮೂಡಿದ್ದವು. ಮೊದಲು ಇನ್ನೇನೋ ಕೊಳೆ ಎಂದುಕೊಂಡೆ. ಉಗುರು ತಾಗಿಸಿದರೆ ಗಟ್ಟಿಯಾಗಿದ್ದವು. ಮರಿಗಳು. ತಲೆ ಹೋದ ಗಿಡ ಉಳಿದ ಜೀವವನ್ನೆಲ್ಲ ಬುಡಕ್ಕೆ ಇಳಿಸಿ ಮರಿ ಹಾಕಿತ್ತು. ನಾನು ಹಿತ್ತಲಲ್ಲೇ ಕೂತು ಗಟ್ಟಿಯಾಗಿ ಅತ್ತುಬಿಟ್ಟೆ. ಅಕ್ಕ ಸತ್ತ ಸುದ್ದಿ ಬಂದಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಅತ್ತೆಯನ್ನು ಎಬ್ಬಿಸಿ ಕರೆತಂದು ತೋರಿಸಿದೆ. ಕಣ್ಣು ಮಂಜಾಗಿತ್ತು ಅವರಿಗೆ, ಬೆರಳಿಂದ ಮುಟ್ಟಿ ನೋಡಿದರು.

"ಎರಡು ಇದಾವಾ?"

"ಎರಡು. ಅಕ್ಕ ಬೇಡ ಅನ್ನಲಿಲ್ಲ ಅತ್ತೆ. ಇದಕ್ಕೆ ಗಂಜಿ ಆಗದು. ಇದಕ್ಕೆ ಬೇಕಾದ್ದು ಬರೀ ನೀರು."

ಹೇಳಿದ ಮೇಲೆ ನಾನು ಏನು ಹೇಳಿದೆ ಎಂದು ನನಗೇ ಕೇಳಿಸಿತು. ಅತ್ತೆಗೂ ಕೇಳಿಸಿತು. ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಎದ್ದುಹೋಗಿ ಬಿಸಿನೀರು, ಹಳೆಯ ಬಟ್ಟೆ, ಒಲೆಯ ಬೂದಿ ತಂದರು. ಇಬ್ಬರೂ ಕೂತು ಆ ಕಾಂಡವನ್ನು ತೊಳೆದು ಒರೆಸಿ, ಕೊಳೆತ ಕಡೆಗೆಲ್ಲ ಬೂದಿ ಮೆತ್ತಿದೆವು. ತಾಯಿಯಿಂದ ಮರಿಯನ್ನು ಈಗಲೇ ಬಿಡಿಸಬಾರದು, ಅವಕ್ಕೆ ಸ್ವಂತ ಬೇರು ಬರುವವರೆಗೆ ಈ ಬೋಳು ಕಾಂಡವೇ ಅವುಗಳ ಹಾಲು ಎಂದೆ. ನೋಡುವವರಿಗೆ ಅದು ಸತ್ತ ಕೊರಡು. ಆದರೂ ಅದನ್ನು ಉಳಿಸಿಕೊಳ್ಳಬೇಕಿತ್ತು.

ಅಂದಿನಿಂದ ನೀರು ಹಾಕುವ ಕೆಲಸ ಅತ್ತೆಯದಾಯಿತು. ಬೆಳಿಗ್ಗೆ ಒಂದು ಚೊಂಬು ನೀರು ಸುರಿದು, ಸಂಜೆ ಬೇರು ಮುಟ್ಟಿ ಒಣಗಿದೆಯೇ ಎಂದು ನೋಡುತ್ತಿದ್ದರು. ಮರಿಗಳು ಎಲೆ ಬಿಟ್ಟವು. ಕೆರೆಗೆ ಬಿಡುವ ಮಾತು ನಿಂತುಹೋಯಿತು. ನನಗೆ ಅಕ್ಕನ ಹೆದರಿಕೆಯೂ ಹೋಯಿತು. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಬಂದು ಕೂತಿತು. ನನ್ನ ಬಾಣಂತನವೂ ಅದೇ ಕೋಣೆಯಲ್ಲಿ, ಅದೇ ಅತ್ತೆಯ ಕೈಯಲ್ಲಿ.

ದೀಪಾವಳಿಯ ಐಪ್ಪಸಿ ತಿಂಗಳ ಮಳೆ ಹಿಡಿದಿದ್ದ ಒಂದು ದಿನ ಕಂಡಿಕೆಗೆ ನೂಲು ಸುತ್ತುತ್ತಾ ಕೂತಿದ್ದಾಗ ಕೇಳಿಯೇಬಿಟ್ಟೆ. "ಅತ್ತೆ, ನಾನು ನೀರು ಕೇಳಿದರೆ ಕೊಡ್ತೀರಾ?"

ಅವರು ರಾಟೆ ತಿರುಗಿಸುವುದನ್ನು ನಿಲ್ಲಿಸಲಿಲ್ಲ. "ಶಾಸ್ತ್ರ ಶಾಸ್ತ್ರವೇ ಕಣ್ಣು. ಒಬ್ಬಳು ಹೋದಳು ಅಂತ ಬಿಟ್ಟುಬಿಡೋಕ್ಕಾಗ್ತದಾ? ಕೊಟ್ಟು ನಿನಗೇನಾದ್ರೂ ಆದರೆ? ಆಗ ನಾನು ಯಾರಿಗೆ ಏನು ಅಂತ ಹೇಳಲಿ?"

ಅದು ಕ್ರೌರ್ಯದ ಮಾತಲ್ಲ, ಭಯದ ಮಾತು. ಕೊಡದೆ ಒಬ್ಬಳನ್ನು ಕಳೆದುಕೊಂಡವರು, ಕೊಟ್ಟು ಇನ್ನೊಬ್ಬಳನ್ನು ಕಳೆದುಕೊಳ್ಳಲು ಹೆದರಿದ್ದರು. ನೀರಿಲ್ಲದೆ ಅಕ್ಕ ಸತ್ತಳೋ, ಜ್ವರವೇ ಅವಳನ್ನು ಒಯ್ಯುತ್ತಿತ್ತೋ, ಅದು ನನಗೆ ಇವತ್ತಿಗೂ ಗೊತ್ತಿಲ್ಲ. ಗಂಡನ ಹತ್ತಿರ ಹೇಳಿದೆ. ಅವರು, "ಅವ್ವನ ಮಾತಿಗೆ ಎದುರು ಹೇಳಿ ಗೊತ್ತಿಲ್ಲ ನನಗೆ" ಎಂದರು. ತವರಿಗೆ ಹೋಗೋಣವೆಂದರೆ ಅಲ್ಲಿ ಅಪ್ಪ ಒಬ್ಬನೇ. ಹೊಟ್ಟೆ ಬೆಳೆದಂತೆಲ್ಲ ನಾನು ಬದುಕುತ್ತೇನೋ ಇಲ್ಲವೋ ಎಂಬ ಒಂದೇ ಯೋಚನೆ ತಲೆಯಲ್ಲಿ ತಿರುಗುತ್ತಿತ್ತು.

ಕಾರ್ತಿಗೈ ತಿಂಗಳ ಕೊನೆಯಲ್ಲಿ ನೋವು ಬಂತು. ಹೆಣ್ಣುಮಗು ಹುಟ್ಟಿತು, ಹುಟ್ಟಿದೊಡನೆ ಬೀದಿಗೆಲ್ಲ ಕೇಳುವಂತೆ ಅತ್ತಿತು. ಅತ್ತೆ ಅದನ್ನು ಎದೆಗೊತ್ತಿಕೊಂಡು ನಕ್ಕರು. ಮಾರನೆಯ ದಿನ ನನಗೆ ಜ್ವರ ಏರಿತು. ಕೋಣೆಯ ಕಿಟಕಿ ಮುಚ್ಚಿ, ಕೆಂಡದ ಅಗ್ಗಿಷ್ಟಿಕೆ ಇಟ್ಟು, ಕಂಬಳಿ ಹೊದಿಸಿದ್ದರು. ಬಾಯಿಗೆ ಮೆಣಸಿನ ಪುಡಿ, ಹುರಿದ ಬೆಳ್ಳುಳ್ಳಿ, ಒಣ ಅನ್ನ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ನೀರು ಕೇಳಿದೆ. ಸೂಲಗಿತ್ತಿ ಗದರಿದಳು. ಅತ್ತೆ ಒದ್ದೆ ಬಟ್ಟೆಯಿಂದ ತುಟಿ ಒರೆಸಿದರು, ಅಷ್ಟೆ. ಮತ್ತೆ ಕೇಳಿದೆ. ಕೇಳುತ್ತಾ ಕೇಳುತ್ತಾ ನನ್ನ ದನಿ ನನಗೇ ಬೇರೆಯಾಗಿ ಕೇಳತೊಡಗಿತು. ಈ ಚಾಪೆಯ ಮೇಲೆ ನನ್ನ ಪಕ್ಕದಲ್ಲಿ ಅಕ್ಕ ಮಲಗಿದ್ದಾಳೆ, ಕೇಳುತ್ತಿರುವವಳು ಅವಳು ಎನ್ನಿಸಿತು. ಅವಳ ಮೈಯ ಬಿಸಿ ನನಗೆ ತಾಗುತ್ತಿತ್ತು. ಹೆದರಿಕೆಯಾಗಲಿಲ್ಲ. ಇಬ್ಬರಿದ್ದೇವಲ್ಲ ಎಂದು ಸಮಾಧಾನವಾಯಿತು, ಆ ಸಮಾಧಾನವೇ ಸಾವಿನದು ಎಂದು ಈಗ ತಿಳಿಯುತ್ತದೆ.

ಆಗ ಗೋಡೆಯಾಚೆ ಮಗ್ಗ ನಿಂತಿತು. ನೂಲು ಮುಗಿದಿರಲಿಲ್ಲ, ಎಳೆ ಹರಿದಿರಲಿಲ್ಲ. ಅವರು ಸುಮ್ಮನೆ ಲಾಳಿಯನ್ನು ಕೆಳಗಿಟ್ಟು ಕೂತಿದ್ದರು, ಎದ್ದು ಕೆರೆಯ ಕಡೆಗೂ ಹೋಗಲಿಲ್ಲ. ಮನೆಯಲ್ಲಿ ನನ್ನ ದನಿಯೊಂದೇ ಉಳಿಯಿತು. ಅಷ್ಟು ಮೌನದಲ್ಲಿ ಅದನ್ನು ಯಾರೂ ಕೇಳಿಸಿಕೊಳ್ಳದೆ ಇರುವಂತಿರಲಿಲ್ಲ. ಸೂಲಗಿತ್ತಿ ಎಲೆ ಅಡಿಕೆಗೆಂದು ಹೊರಗೆ ಹೋದಳು. ಮಗ್ಗದ ಪಕ್ಕದ ಕಿಟಕಿಗೆ ಮಳೆ ಹೊಡೆಯುತ್ತದೆ ಎಂದು ಅತ್ತೆ ಗಿಡವನ್ನು ಈ ಕೋಣೆಗೇ ತಂದು ನನ್ನ ತಲೆಯ ಹತ್ತಿರ ಮೊಳೆಗೆ ಹಾಕಿದ್ದರು. ಬೋಳು ಕೊರಡು, ಬುಡದಲ್ಲಿ ಎರಡು ಮರಿ. ಅದನ್ನೇ ನೋಡುತ್ತಾ ಹೇಳಿದೆ, ಹೇಳುವಾಗ ಏನೂ ಯೋಚಿಸಿರಲಿಲ್ಲ.

"ಅತ್ತೆ, ಇವತ್ತು ಗಿಡಕ್ಕೆ ನೀರು ಹಾಕಿಲ್ಲ."

ಅತ್ತೆ ನನ್ನನ್ನು ನೋಡಿದರು. ಎದ್ದು ಹೋದರು. ಚೊಂಬಿನ ತುಂಬ ನೀರು ತಂದರು. ಗಿಡದ ಕಡೆ ಹೋಗದೆ ಅದನ್ನು ನನ್ನ ಚಾಪೆಯ ಪಕ್ಕ, ಕೈಗೆಟುಕುವಲ್ಲಿ ಇಟ್ಟರು. "ಗಿಡಕ್ಕೆ" ಎಂದರು. ಮಗುವನ್ನು ಎತ್ತಿಕೊಂಡು, ನನಗೆ ಬೆನ್ನು ಮಾಡಿ, ಬಾಗಿಲು ಎಳೆದುಕೊಂಡು ಹೊರಗೆ ನಡೆದರು.

ಎರಡೂ ಕೈಯಲ್ಲಿ ಚೊಂಬು ಹಿಡಿದು ಕುಡಿದೆ. ಅರ್ಧ ಎದೆಯ ಮೇಲೆ ಚೆಲ್ಲಿತು, ಬಿಲ್ಲೆಯೂ ತಾಳಿಯೂ ಒದ್ದೆಯಾದವು. ತಳದ ಹನಿಯವರೆಗೂ ಕುಡಿದು ಮಲಗಿದೆ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಅತ್ತೆ ಒಳಗೆ ಬಂದು ಚೊಂಬನ್ನು ಎತ್ತಿ ಬಗ್ಗಿಸಿ ನೋಡಿದರು. ಆಮೇಲೆ ಕೈ ಚಾಚಿ ಗಿಡದ ಬೇರುಗಳನ್ನು ಒಂದೊಂದಾಗಿ ಮುಟ್ಟಿದರು. ಎಲ್ಲವೂ ಒಣಗಿದ್ದವು. ನಾನು ಕಣ್ಣು ಮುಚ್ಚಿಕೊಂಡೆ. ಇನ್ನೇನು ಬೈಯುತ್ತಾರೆ, ಸೂಲಗಿತ್ತಿಯನ್ನು ಕೂಗುತ್ತಾರೆ ಎಂದು ಕಾದೆ. ಅವರ ಹೆಜ್ಜೆ ಹೊರಗೆ ಹೋಯಿತು, ಹಿತ್ತಲಲ್ಲಿ ನೀರಿನ ಕೊಳದಪ್ಪಲೆಯ ಮುಚ್ಚಳದ ಸದ್ದಾಯಿತು, ಹೆಜ್ಜೆ ಮರಳಿ ಬಂತು. ಈ ಸಲ ಬಾಗಿಲು ಮುಚ್ಚಲಿಲ್ಲ. ಗಿಡದ ಕಡೆ ತಿರುಗಿಯೂ ನೋಡದೆ ನನ್ನ ತಲೆಯನ್ನು ತಮ್ಮ ತೊಡೆಯ ಮೇಲೆ ಎತ್ತಿಟ್ಟುಕೊಂಡು ಚೊಂಬನ್ನು ನನ್ನ ಬಾಯಿಗೇ ಹಿಡಿದರು. ಚೊಂಬಿನ ಅಂಚು ನನ್ನ ಹಲ್ಲಿಗೆ ಬಡಿಯುತ್ತಿತ್ತು.

"ಕುಡಿ ಚೌಡಿ" ಎಂದರು. "ಎಷ್ಟು ಬೇಕೋ ಅಷ್ಟು ಕುಡಿ."

ನನ್ನ ಹೆಸರು ನೀಲಮ್ಮ. ನಾನು ಹೇಳಲಿಲ್ಲ. ಕುಡಿದೆ.